ಪ್ರಾರ್ಥನೆಗೆ ಗಂಟೆ ಇಲ್ಲ

ತ್ರಿಸ್ಥಳ ಸಾಮಾನ್ಯ ಜ್ಞಾನ ಮಂಡಳಿ
(ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ)
ಕಾರ್ಯದರ್ಶಿಯವರ ಕಚೇರಿ: ವಾಚನಾಲಯದ ಹಿಂದಿನ ಬೆಂಚು, ಗುರುವಾಯನಕೆರೆ

ಸಂಖ್ಯೆ: ಸಾ.ಜ್ಞಾ.ಮಂ/ಉತ್ತರ/17/1964-65
ದಿನಾಂಕ: 18-11-1964

ವಿಷಯ: ಮೊದಲಿನಿಂದ ಹೇಳಿಕೊಂಡು ಬಂದರೆ ಮಾತ್ರ ಉತ್ತರ ಸಿಗುವ ಸದಸ್ಯರ ಬಗ್ಗೆ.

ಉಲ್ಲೇಖ: 1) ದಿ. 8-11-1964ರಂದು ಮೂಡುಬಿದಿರೆಯಲ್ಲಿ ಬೆಳ್ತಂಗಡಿ ತಂಡಕ್ಕೆ ಒದಗಿದ ಸೋಲು.
2) ಸಮಯಪಾಲಕರ ವಿವರಣೆ.
3) ಸದಸ್ಯರ ತಾಯಿಯವರ ಅಭಿಪ್ರಾಯ (ಕೇಳದೆ ಬಂದದ್ದು).

ಪ್ರಸ್ತಾವನೆ:

ಮೇಲ್ಕಂಡ ಸ್ಪರ್ಧೆಯಲ್ಲಿ ಎರಡೂ ತಂಡಗಳು ಸಮ ಅಂಕದಲ್ಲಿದ್ದಾಗ, "ನೀರು ಎಷ್ಟು ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ?" ಎಂಬ ಕಡೆಯ ಪ್ರಶ್ನೆಯನ್ನು ಬೆಳ್ತಂಗಡಿ ತಂಡದ ಸದಸ್ಯರೂ ಈ ಮಂಡಳಿಯ ಕಾರ್ಯದರ್ಶಿಯೂ ಆದ ಶ್ರೀ ಸುಬ್ಬಯ್ಯ ಇವರಿಗೆ ಕೇಳಲಾಯಿತು. ಅವಧಿ ಒಂದು ನಿಮಿಷ. ಗೆದ್ದವರಿಗೆ ಮೂರು ವರ್ಷದಿಂದ ಮೂಡುಬಿದಿರೆಯಲ್ಲೇ ಉಳಿದಿರುವ ಭೂಮಿಯ ಗೋಳ ಬಹುಮಾನ.

ಸದರಿ ಸುಬ್ಬಯ್ಯನವರು ತಾಯಿಯ ಬಾಯಿಂದ ಪದ್ಯ ಕೇಳಿ ಬೆಳೆದವರು. ಧಾಟಿಯಿಲ್ಲದ ಸಂಗತಿ ಅವರ ತಲೆಯಲ್ಲಿ ನಿಲ್ಲುವುದಿಲ್ಲ. ಆದುದರಿಂದ ಚರಿತ್ರೆ, ಸಾಹಿತ್ಯ, ಪುರಾಣ, ವಿಜ್ಞಾನ ಎಲ್ಲವನ್ನೂ ಭಾಮಿನಿ ಷಟ್ಪದಿಯ ನಲವತ್ತು ಪದ್ಯಗಳಲ್ಲಿ ತಾವೇ ಕಟ್ಟಿಕೊಂಡಿದ್ದಾರೆ. ನೀರು ಕುದಿಯುವುದು ಹತ್ತೊಂಬತ್ತನೆಯದರಲ್ಲಿ. ಆ ಪದ್ಯಕ್ಕೆ ಬೇರೆ ಬಾಗಿಲು ಇರುವುದಿಲ್ಲ; ಮೊದಲ ಪದ್ಯದ ಹೆಬ್ಬಾಗಿಲಿನಿಂದಲೇ ಒಳಗೆ ಬರಬೇಕು.

ಅಂತೆಯೇ ಸದರಿಯವರು ಎದ್ದು, ಕಣ್ಣು ಮುಚ್ಚಿ, ಗಣಪತಿಯಿಂದ ಆರಂಭಿಸಿದರು. ಸಭೆ ಕೈಮುಗಿಯಿತು. ನವಗ್ರಹ, ಹದಿನೆಂಟು ಪುರಾಣ, ಆರು ಬಗೆಯ ಷಟ್ಪದಿಗಳನ್ನು ದಾಟಿ, ಹುಮಾಯೂನನು ಪುಸ್ತಕಶಾಲೆಯ ಮೆಟ್ಟಿಲಿನಿಂದ ಬೀಳುವ ಹೊತ್ತಿಗೆ, ಅಂದರೆ ಆರನೆಯ ನಿಮಿಷದಲ್ಲಿ, ಒಂದು ನಿಮಿಷದ ಗಂಟೆಯನ್ನು ಬಾರಿಸಲಾಯಿತು. ಮಂಗಳಾರತಿಯಾಯಿತೆಂದು ಸಭಿಕರು ಎದ್ದು ನಿಂತರು. ಇಬ್ಬರು ಪ್ರಸಾದಕ್ಕೆ ಕೈ ಚಾಚಿದರು. ಸದರಿಯವರು ನಿಲ್ಲಿಸದೆ ಮುಂದುವರಿಸಿ, "ನೂರು" ಎಂಬ ಸರಿಯುತ್ತರವನ್ನೇ ಕೊಟ್ಟು ಕುಳಿತರು. ಆಗ ಮೈಕಿನವರು ತಂತಿ ಸುತ್ತುತ್ತಿದ್ದರು. ಗೋಳವು ಮೂಡುಬಿದಿರೆಯಲ್ಲೇ ಉಳಿಯಿತು.

ವಿಚಾರಣೆ:

ಆರೋಪಿಯೂ ನಡಾವಳಿ ಬರೆಯುವವರೂ ಒಬ್ಬರೇ ಆದ ಕಾರಣ, ಸದರಿಯವರು ಉತ್ತರಿಸುವಾಗ ನಿಂತು, ಬರೆದುಕೊಳ್ಳುವಾಗ ಕುಳಿತು ಸಹಕರಿಸಿದ್ದಾರೆ. ದಾಖಲಾದ ಹೇಳಿಕೆಗಳು ಈ ಕೆಳಗಿನಂತಿವೆ.

ಸಮಯಪಾಲಕ ಶ್ರೀ ಲೋಕನಾಥ: "ದೇವರ ಹೆಸರಿನ ನಡುವೆ ಗಂಟೆ ಬಾರಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ ಮಾರಾಯ್ರೆ. ಬಾದಶಹರು ಬರ್ಲಿ ಅಂತ ಕಾದೆ."

ತಂಡದ ಇನ್ನೊಬ್ಬ ಸದಸ್ಯೆ ಪ್ರಫುಲ್ಲಾ ಟೀಚರ್: "ಸುಬ್ಬಯ್ಯಣ್ಣ, ನೂರು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ನೀವು ನೀರು ಕುದಿಸ್ಲಿಕ್ಕೆ ಸೃಷ್ಟಿಯಿಂದ ಒಲೆ ಹಚ್ಚಿದ್ರಿ."

ತಾಯಿ ಸೇಸಮ್ಮ: "ನಡುವಿನಿಂದ ಹೇಳಿದ್ರೆ ಅದು ಹೇಳಿದ ಹಾಗೆ ಆಗುದಿಲ್ಲ. ನಾನು ಹೇಳುವಾಗ ಕರು ಹಗ್ಗ ಬಿಚ್ಚಿ ಓಡಿದ್ರೂ ಅಷ್ಟೆ, ಕಟ್ಟಿ ಬಂದು ಮೊದಲಿಂದ."

ಸದರಿ ಸುಬ್ಬಯ್ಯನವರು ತಮಗೆ ತಂಡದಲ್ಲಿ ಒಂದು ಕುರ್ಚಿ ಇರಲಿ ಎಂದಷ್ಟೇ ಕೋರಿದ್ದಾರೆ.

ಮುಂದಿನ ಸ್ಪರ್ಧೆಯು ದಿ. 13-12-1964ರಂದು ಬಂಟ್ವಾಳದಲ್ಲಿ ನಡೆಯಲಿರುವುದರಿಂದ, ಸಂಬಂಧಪಟ್ಟ ಎಲ್ಲರ ತಿಳುವಳಿಕೆಗೂ ಪಾಲನೆಗೂ ಹೀಗೆ ವಿಧಿಸಲಾಗಿದೆ:

1. ಉತ್ತರವು ಎಷ್ಟನೆಯ ಪದ್ಯದಲ್ಲೇ ವಾಸವಾಗಿರಲಿ, ಒಂದು ನಿಮಿಷದೊಳಗೆ ಹೊರಬರತಕ್ಕದ್ದು.

2. ಪೂರ್ವಭಾಗವನ್ನು ಬಸ್ಸಿನಲ್ಲೇ ಮುಗಿಸಿಕೊಳ್ಳತಕ್ಕದ್ದು. ಗುರುವಾಯನಕೆರೆಯಲ್ಲಿ ಗಣಪತಿ, ಮಡಂತ್ಯಾರಿನಲ್ಲಿ ನವಗ್ರಹ, ಪುಂಜಾಲಕಟ್ಟೆಯಲ್ಲಿ ಮೊಗಲರು. ಬಸ್ಸು ಕೆಟ್ಟು ನಿಂತಲ್ಲಿ ಸದಸ್ಯರೂ ಅದೇ ಪದ್ಯದಲ್ಲಿ ನಿಲ್ಲತಕ್ಕದ್ದು. ಬಸ್ಸನ್ನು ತಳ್ಳುವಾಗ ಪದ್ಯವನ್ನು ತಳ್ಳಕೂಡದು.

3. ಕಂಡಕ್ಟರರು "ಎಲ್ಲಿಗೆ?" ಎಂದು ಕೇಳಿದರೆ ಪಕ್ಕದ ಸದಸ್ಯರು ಉತ್ತರಿಸತಕ್ಕದ್ದು. ನಡುವೆ ಬೇರೆ ಮಾತಿಗೆ ಬಾಯಿ ತೆರೆದರೆ ಸದರಿಯವರು ಪುನಃ ಗಣಪತಿಗೆ ಹೋಗಬೇಕಾಗುತ್ತದೆ, ಬಸ್ಸು ಹೋಗುವುದಿಲ್ಲ.

4. ಕಲಂ 2 ಮತ್ತು 3ನ್ನು ದಿ. 15ರಂದು ಪ್ರಾಯೋಗಿಕವಾಗಿ ಜಾರಿಗೊಳಿಸಲಾಯಿತು. ಹದಿನೆಂಟನೆಯ ಪದ್ಯದವರೆಗೆ ಯಾವ ಅಡ್ಡಿಯೂ ಇರಲಿಲ್ಲ. ಅಷ್ಟರಲ್ಲಿ ದಾರಿಯಲ್ಲಿ ಹತ್ತಿದ ಪರಿಚಯದ ಝೈನಬ್ ಎಂಬವರು, "ಸುಬ್ಬಯ್ಯಣ್ಣ, ಅಮ್ಮ ಹೇಗಿದ್ದಾರೆ?" ಎಂದು ವಿಚಾರಿಸಿದರು. ತಾಯಿಯ ಕ್ಷೇಮ ಕೇಳಿದವರಿಗೆ ಉತ್ತರಿಸದಿರುವುದು ಸದರಿಯವರಿಂದ ಆಗಲಿಲ್ಲ. ಪ್ರಯೋಗ ವಿಫಲ. (ಸೇಸಮ್ಮನವರು ಹುಷಾರಾಗಿದ್ದಾರೆ.)

5. ಈ ಕಾರಣಗಳಿಂದ ಶ್ರೀ ಸುಬ್ಬಯ್ಯ ಇವರನ್ನು ಉತ್ತರ ಹೇಳುವ ಕುರ್ಚಿಯಿಂದ ಬಿಡುಗಡೆಗೊಳಿಸಲಾಗಿದೆ. ಈ ಕಲಮನ್ನು ಬರೆಯುವಾಗ ಕಾರ್ಯದರ್ಶಿಯವರ ಪೆನ್ನು ಎರಡು ಸಲ ನಿಂತಿತು. ಶಾಯಿ ಇತ್ತು.

6. ಪ್ರಫುಲ್ಲಾ ಟೀಚರ್ ನಿಯಮಾವಳಿಯನ್ನು ಪರಿಶೀಲಿಸಿ, ಸಭೆಯ ಆರಂಭದ ಪ್ರಾರ್ಥನೆಗೆ ಕಾಲಮಿತಿಯಾಗಲೀ ಗಂಟೆಯಾಗಲೀ ಇಲ್ಲವೆಂದು ಗಮನಕ್ಕೆ ತಂದಿದ್ದಾರೆ. ಆದುದರಿಂದ ಬಂಟ್ವಾಳದಲ್ಲಿ ಪ್ರಾರ್ಥನೆಗೆ ಶ್ರೀ ಸುಬ್ಬಯ್ಯ ಇವರನ್ನು ನೇಮಿಸಲಾಗಿದೆ. ಪ್ರಾರ್ಥನೆಯು ಗಣಪತಿಯಿಂದ ಆರಂಭವಾಗಿ ನಲವತ್ತನೆಯ ಪದ್ಯದಲ್ಲಿ, ಅಂದರೆ ಬೆಳಕಿನ ವೇಗದಲ್ಲಿ, ಮುಗಿಯುತ್ತದೆ.

7. ಪ್ರಾರ್ಥನೆಯಲ್ಲಿ ಎಲ್ಲ ಉತ್ತರಗಳೂ ಅಡಕವಾಗಿರುವುದು ಕಾಕತಾಳೀಯ. ಎದುರು ತಂಡದವರು ಕಣ್ಣು ಮುಚ್ಚಿ ಕೇಳತಕ್ಕದ್ದು. ದೇವರ ಸ್ತುತಿಯನ್ನು ಚೀಟಿಯಲ್ಲಿ ಬರೆದುಕೊಳ್ಳುವುದು ಭಕ್ತಿಗೆ ವಿರುದ್ಧ. ಸ್ವಂತ ತಂಡದವರು ಬರೆದುಕೊಂಡಲ್ಲಿ ಅದನ್ನು ಭಕ್ತಿಯೆಂದೇ ಪರಿಗಣಿಸಲಾಗುವುದು.

8. ಪ್ರಾರ್ಥನೆಯ ದೀರ್ಘತೆಯಿಂದ ಹೊತ್ತು ಮುಳುಗಿ ಸ್ಪರ್ಧೆಗೇ ಸಮಯ ಸಾಲದಿದ್ದಲ್ಲಿ, ಯಾರೂ ಸೋತಿಲ್ಲವೆಂದು ಘೋಷಿಸಿ ಪ್ರಸಾದ ಹಂಚತಕ್ಕದ್ದು.

(ಸಹಿ)
ಸುಬ್ಬಯ್ಯ
ಕಾರ್ಯದರ್ಶಿ
(ಮತ್ತು ಕಲಂ 5ರಲ್ಲಿ ಹೇಳಲಾದವರು)

ಪ್ರತಿಗಳು:

1. ಮೂಡುಬಿದಿರೆ ತಂಡಕ್ಕೆ: ಗೋಳವನ್ನು ಬಿಸಿಲಿನಲ್ಲಿ ಇಡಬಾರದು, ಬಣ್ಣ ಹೋಗಿ ಸಮುದ್ರಗಳು ಬಿಳಿಯಾಗುತ್ತವೆ ಎಂಬ ಕೋರಿಕೆಯೊಂದಿಗೆ.

2. ಶ್ರೀ ಲೋಕನಾಥ ಇವರಿಗೆ: ಅಂದು ಗಂಟೆಯನ್ನು ಮನೆಯಲ್ಲೇ ಬಿಟ್ಟು ಬರಲು.

3. ಪ್ರಫುಲ್ಲಾ ಟೀಚರಿಗೆ: ಕೃತಜ್ಞತೆಯೊಂದಿಗೆ, ಎರಡು ಪೆನ್ಸಿಲ್ ಸಹಿತ.

4. ಶ್ರೀ ಸುಬ್ಬಯ್ಯ ಇವರಿಗೆ: ಖುದ್ದಾಗಿ. ಬಲಗೈಯಿಂದ ಕೊಟ್ಟದ್ದನ್ನು ಎಡಗೈಯಲ್ಲಿ ತೆಗೆದುಕೊಂಡದ್ದಕ್ಕೆ ಕ್ಷಮೆ ಕೋರಿದ್ದಾರೆ, ಕ್ಷಮಿಸಲಾಗಿದೆ.

5. ಸೇಸಮ್ಮನವರಿಗೆ: ಓದು ಬಾರದ ಕಾರಣ ಓದಿ ಹೇಳುವುದು. "ಕುರ್ಚಿ ಉಂಟಾ ಇಲ್ಲವಾ, ಅಷ್ಟೇ ಹೇಳು ಮಗ" ಎಂದು ಕೇಳಿದ್ದಾರೆ. ಅದು ಕಲಂ 5ರಲ್ಲಿರುವುದರಿಂದ ಕಾರ್ಯದರ್ಶಿಯವರು ಸಂಖ್ಯೆ, ದಿನಾಂಕದಿಂದ ಆರಂಭಿಸಿದ್ದಾರೆ. ಕಲಂ 3ರಲ್ಲಿ ಕರು ಹಗ್ಗ ಬಿಚ್ಚಿದೆ. ಕಟ್ಟಿ ಬಂದು ಮೊದಲಿಂದ.