ರಾಜಾಪಾರ್ಟೂ ಇಟಲಿ ಮಾತೂ

ಇದ್ರಾಗೆ ಒಂದೇ ಒಂದು ಮಾತು ಸುಳ್ಳಿದ್ರೆ ನನ್ನ ಮೀಸೆ ಬೋಳಿಸ್ಕಂಡು ಮಧುಗಿರಿ ಬಸ್‌ಸ್ಟಾಂಡ್‌ನಾಗೆ ನಿಂತ್ಕತೀನಿ, ಬಂದು ನೋಡ್ಕಂಡು ಹೋಗ್ರಿ. ನಾನು ಓದಿರೋದು ನಾಕ್ನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಆದ್ರೂ ಇಂಥ ಪ್ರಸಂಗಗಳು ಊರಾಗಿರೋ ಓದ್ದೋರ್ನೆಲ್ಲ ಬುಟ್ಟು ನನ್ನ ಮನೆ ಬಾಗ್ಲೇ ಹುಡಿಕ್ಕಂಡ್ ಬತ್ತವೆ. ಯಾಕೆ ಅಂತ ನನ್ನ ಕೇಳ್ಬ್ಯಾಡಿ. ಗಂಡಸು ಅಂದ್ರೆ ಹಂಗಿರ್ತಾನೆ.

ನಂಗೆ ಮರೆವಂತೆ!

ನಮ್ಮ ಕೊರಟಗೆರೆ ಕಡೆ ನಾಟ್ಕ ಅಂದ್ರೆ ದುಡ್ಡು ಇಸ್ಕಂಡು ಮಾಡೋದಲ್ಲ, ದುಡ್ಡು ಕೊಟ್ಟು ಮಾಡೋದು. ಯಾವ ಪಾರ್ಟಿಗೆ ಎಷ್ಟು ಅಂತ ಹಾರ್ಮೋನಿಯಂ ಮೇಷ್ಟ್ರು ರೇಟು ಕಟ್ತಾರೆ. ರಾಜಾಪಾರ್ಟಿಗೆ ಎಲ್ಲಾದ್ಕಿಂತ ಜಾಸ್ತಿ. ಅದು ನನ್ನ ಮೀಸೆ ಕರ್ರಗಿದ್ದಾಗಿಂದ ನಂದೇ. ನಾನು ಗದೆ ಎತ್ತಿ ಒಂದ್ಸಲ ಗುಡುಗಿದ್ರೆ ಹೆಂಗಸ್ರು ಮಕ್ಕಳ್ನ ಸೆರಗಿನಾಗೆ ಮುಚ್ಕತಿದ್ರು.

ಎದುರು ರಾಜನ ಪಾರ್ಟು ನನ್ನ ಬಾಮೈದಂದು. ನನ್ನ ಹೆಂಡ್ತಿ ತಮ್ಮ. ಈ ಸಲ ಪ್ರಾಕ್ಟೀಸಿನಾಗೆ ಎಲ್ರ ಮುಂದೆ ಬಾಯಿ ಬುಟ್ಟ.

"ಬಾವ, ನಿಂಗೆ ವಯಸ್ಸಾತು. ಹೋದ್ ವರ್ಸ ಮೂರು ಸಾಲು ನುಂಗ್ಬುಟ್ಟೆ. ಕಿರೀಟ ಇತ್ಲಾಗ್ ಕೊಡು."

"ಲೇ, ನುಂಗಿದ್ದು ಸಾಲಲ್ಲ ಕಣ್ಲಾ, ಸೊಳ್ಳೆ! ಬಾಯಾಗೆ ಹೊಕ್ಕಂಬುಡ್ತು."

ಅವ್ನು ಐದು ಸಾವ್ರ ತೆಗ್ದು ಹಾರ್ಮೋನಿಯಂ ಮ್ಯಾಲಿಟ್ಟ. ನಾನೇನ್ ಕಮ್ಮಿ? ನಾನೂ ಐದು ಸಾವ್ರ ಇಟ್ಟೆ. ಸ್ಟೇಜಿನ ಮ್ಯಾಲೆ ನಾನು ಒಂದು ಸಾಲು ಮರೆತ್ರೂ ದುಡ್ಡು ಅವಂದು, ಮುಂದ್ಲ ವರ್ಸದಿಂದ ರಾಜಾಪಾರ್ಟೂ ಅವಂದು. ಮರೀದಿದ್ರೆ ದುಡ್ಡು ನಂದು, ಅವ್ನು ಸಾಯೋಗಂಟ ಎದುರು ರಾಜ. ಮೇಷ್ಟ್ರು ದುಡ್ಡು ಜೇಬಿಗಿಳಿಸಿ "ಆಗ್ಲಿ" ಅಂದ್ರು.

ಮನೇಗೆ ಬಂದ್ರೆ ಮೊಮ್ಮಗ್ಳು ಮೊಬೈಲ್ ಹಿಡ್ಕಂಡು ಏನೋ ಗೊಣಗ್ತಾ ಕುಂತವ್ಳೆ. ಅವ್ಳು ಶಿರಾ ರೋಡ್‌ನಾಗಿರೋ ಗ್ರಾನೈಟ್ ಫ್ಯಾಕ್ಟ್ರೀಲಿ ಆಫೀಸ್ ಕೆಲ್ಸ ಮಾಡ್ತಾಳೆ. ಅಲ್ಲಿ ಕಲ್ಲು ಕುಯ್ಯೋ ಮಿಷನ್ನು ಇಟಲೀದು. ಕೆಟ್ರೆ ಇಟಲೀಲಿರೋ ಮೆಕ್ಯಾನಿಕ್ಕಿಗೆ ವಿಡಿಯೋ ಕಾಲ್ ಮಾಡ್ಬೇಕು. ಆ ವಯ್ಯಂಗೆ ಇಂಗ್ಲಿಷ್ ಬರಾಕಿಲ್ಲ. ಅದ್ಕೆ ಈ ಹುಡ್ಗಿ ಇಟಲಿ ಮಾತು ಕಲೀತಿದ್ಲು.

"ಏನಮ್ಮ ಅದು, ಜಪ ಮಾಡ್ದಂಗೆ?"

"ಮಾತಾಡು ಅನ್ನೋದ್ನ ತಿರುಗ್ಸಿ ತಿರುಗ್ಸಿ ಹೇಳೋದು ತಾತ. ಪಾರ್ಲೊ ಅಂದ್ರೆ ಮಾತಾಡ್ತೀನಿ. ಪಾರ್ಲಿ ಅಂದ್ರೆ ಮಾತಾಡ್ತೀಯ. ಪಾರ್ಲ ಅಂದ್ರೆ ಮಾತಾಡ್ತಾನೆ."

"ನಾನು, ನೀನು ಅಂತ ಬ್ಯಾರೆ ಹೇಳೋದು ಬ್ಯಾಡ್ವಾ?"

"ಬ್ಯಾಡ. ಬಾಲ ನೋಡುದ್ರೆ ಗೊತ್ತಾಗ್ತೈತೆ."

"ಹಂಗಾದ್ರೆ ನಮ್ಮಂಗೇ ಅನ್ನು! ಆದ್ರೆ ಮಾತಾಡ್ತಾನೆ, ಮಾತಾಡ್ತಾಳೆ?"

"ಎರಡಕ್ಕೂ ಪಾರ್ಲಾನೇ."

ಇದ್ಯಾಕೋ ನಂಗೆ ಸರಿ ಕಾಣ್ಲಿಲ್ಲ. ಮಾತಾಡಿದ್ದು ಗಂಡೋ ಹೆಣ್ಣೋ ಗೊತ್ತಾಗ್ದೆ ಆ ಊರಾಗೆ ಜಗ್ಳ ಬಿಡಿಸೋರು ಹೆಂಗೆ ಬಿಡಿಸ್ತಾರೆ? ಕೇಳ್ತಾ ಕೇಳ್ತಾ ಕುತೂಹಲ ಹತ್ಕಂಡ್ತು. ಆಗಿದ್ದಕ್ಕೊಂದು ಬಾಲ, ಆಗ್ತಿದ್ದಿದ್ದಕ್ಕೊಂದು, ಆಗೋದಕ್ಕೊಂದು, ಆಗ್ಬೋದಾಗಿತ್ತು ಅನ್ನೋದಕ್ಕೇ ಒಂದು. ಇದ್ನ ಬಾಯಿಪಾಠ ಮಾಡುದ್ರೆ ತಲೆ ಕುಡ್ಲು ಮಸ್ದಂಗೆ ಆಗ್ತೈತೆ, ಬಾಮೈದಂಗೆ ತೋರಿಸ್ತೀನಿ ಅಂದ್ಕಂಡೆ.

ನಾನು ಓದಿ ಕಲಿಯೋನಲ್ಲ, ಹಾಡಿ ಕಲಿಯೋನು. ಅವ್ಳು ಹೇಳ್ದಂಗೆಲ್ಲ ರಾಜನ ದೊಡ್ಡ ಹಾಡಿನ ಮಟ್ಟಿಗೆ ಕೂರಿಸ್ದೆ. ಹಟ್ಟೀಲಿ ಹಸ ಕಟ್ಟುವಾಗ್ಲೂ ಅದೇ, ಸ್ನಾನ ಮಾಡುವಾಗ್ಲೂ ಅದೇ. "ಪಾರ್ಲೊ, ಪಾರ್ಲಿ, ಪಾರ್ಲಾ… ಆಆಆ… ಪಾರ್ಲಿಯಾಮೊ!"

ವಾರದೊಳ್ಗೆ ಮೊಮ್ಮಗ್ಳಿಗಿಂತ ಮುಂದಕ್ಕೋದೆ. ನನ್ನ ಹೆಂಡ್ತಿ ಯಾರ್ನೂ ಕೇಳ್ದೆ ಬಾಗ್ಲಿಗೆ ನಿಂಬೆಹಣ್ಣು, ಮೆಣಸಿನ್‌ಕಾಯಿ ಕಟ್ಟುದ್ಲು.

ಅನುಮಾನದ ಅಚ್ಚು

ಒಂದಿನ ಮೊಮ್ಮಗ್ಳು ಹುಕುಂ ಮಾಡೋದು ಹೆಂಗೆ ಅಂತ ಹೇಳ್ಕೊಟ್ಲು. ನೀನು ಮಾತಾಡು, ನೀವು ಮಾತಾಡ್ರಿ, ಎಲ್ಲಾದ್ಕೂ ಐತೆ. ನಾನು ಅನ್ನೋದಕ್ಕೆ ಮಾತ್ರ ಇಲ್ಲ.

"ಯಾಕಮ್ಮ?"

"ತನಗೆ ತಾನೇ ಯಾರು ಹುಕುಂ ಮಾಡ್ಕತಾರೆ ತಾತ?"

ಅದೂ ಸರಿಯೇ. ಇನ್ನೊಂದು ಇದ್ಕಿಂತ ಸೋಜಿಗ. ಕಣ್ಣಾರೆ ಕಂಡಿದ್ದು ಹೇಳೋಕೆ ಒಂದು ಅಚ್ಚು, ಅನುಮಾನ, ಆಸೆ, ಭಯ ಇದ್ರೆ ಅದ್ಕೆ ಬ್ಯಾರೇ ಅಚ್ಚಂತೆ! ಇಟ್ಟಿಗೆ ಗೂಡಿನಾಗೆ ಇರ್ತವಲ್ಲ, ಹಂಗೆ. ಇದು ನಮ್ಮೂರಾಗೆ ಇದ್ದಿದ್ರೆ ಟೀ ಅಂಗ್ಡಿ ಮುಂದೆ ಕಂಡಿದ್ದು ಹೇಳೋ ಅಚ್ಚು ತುಕ್ಕು ಹಿಡ್ದೋಗಿರೋದು.

ಹೆಂಡ್ತೀನ ಕೇಳ್ದೆ. "ಲೇ, ನಿನ್ನ ತಮ್ಮ ಗೆಲ್ತಾನೆ ಅಂತ ಹೇಳೋದಾದ್ರೆ ನೀನು ಯಾವ ಅಚ್ಚಲ್ಲಿ ಹೇಳ್ತೀಯ? ಕಂಡಿದ್ದ್ರಾಗೋ, ಅನುಮಾನದಾಗೋ?"

"ಹುಕುಂನಾಗೆ ಹೇಳ್ತೀನಿ. ಏಳು, ರಾಗಿ ಮಿಲ್ಲಿಗೆ ಹಾಕಿಸ್ಕಂಡು ಬಾ."

ರಾಜ ಮೂಟೆ ಹೊತ್ಕಂಡು ಹೋದ.

ಪಾವಗಡದ ಬಸ್ಸು

ನಾಟ್ಕ ಹತ್ರ ಬಂತು. ಮಧುಗಿರೀಲಿ ಡ್ರೆಸ್ಸು ಬಾಡ್ಗೆಗೆ ಕೊಡೋನ ತಾವ ಕಿರೀಟಕ್ಕೆ ಹೇಳ್ಬೇಕಿತ್ತು. ಕೊರಟಗೆರೇಲಿ ಪಾವಗಡದ ಬಸ್ಸು ಹತ್ತಿದೆ. ಪಕ್ಕದಾಗೆ ವೈ.ಎನ್.ಹೊಸಕೋಟೆ ಕಡೆ ಹೆಂಗ್ಸು, ತೊಡೆ ಮ್ಯಾಲೆ ಮಗ. ಆ ಮಗ ಕಿರುಚೋ ಕಿರುಚಾಟಕ್ಕೆ ಬಸ್ಸಿನ ಹಾರನ್ನೇ ಬ್ಯಾಡ. ನಾನು ನನ್ನ ಪಾಡಿಗೆ ಮಲಗೋ ಮಾತು ಗೊಣಗ್ತಿದ್ದೆ. ದೊರ್ಮೊ, ಮಲಗ್ತೀನಿ. ದೊರ್ಮಿ, ಮಲಗ್ತೀಯ.

ಆಯಮ್ಮ ತಿರುಗಿ ನೋಡಿ ತೆಲುಗಿನಾಗೆ ಕೇಳುದ್ಲು. "ಏಂ ಮಂತ್ರಂ ತಾತಾ ಅದಿ?"

"ಇಟಲೀದಮ್ಮ."

ಇಟಲಿ ಅನ್ನೋದು ಯಾವುದೋ ದೇವ್ರ ಕ್ಷೇತ್ರ ಅಂದ್ಕಂಡ್ಳೋ ಏನೋ, ಮಗನ ತಲೆ ನನ್ನ ಕಡೆ ಚಾಚುದ್ಲು. "ಪಿಲ್ಲೋಡು ಒಕಟೇ ಏಡುಪು. ಕೊಂಚೆಂ ಊದು ತಾತಾ." ಒಂದೇ ಸಮ ಅಳ್ತಾನೆ, ಒಂಚೂರು ಊದು ಅಂತ.

ಕೇಳ್ದೋರಿಗೆ ಇಲ್ಲ ಅಂದೋನಲ್ಲ ನಾನು. ತಲೆ ಮ್ಯಾಲೆ ಕೈ ಇಟ್ಟು ಸಣ್ಣ ದನೀಲಿ ಶುರು ಮಾಡ್ದೆ. "ದೊರ್ಮೊ, ದೊರ್ಮಿ, ದೊರ್ಮೆ, ದೊರ್ಮಿಯಾಮೊ, ದೊರ್ಮೀತೆ, ದೊರ್ಮೊನೊ." ಎರಡ್ನೇ ಸುತ್ತಿಗೆ ಮಗ ಮಲಿಕ್ಕಂತು. ಮೂರ್ನೇದಕ್ಕೆ ತಾಯಿ. ಮುಂದ್ಲ ಸೀಟಿನ ಮುದ್ಕಪ್ಪ ಗೊರಕೆ ಹೊಡ್ಯೋದು ಕೇಳುಸ್ತು. ಆಮ್ಯಾಲೆ ಏನಾತು ನಂಗೆ ಗೊತ್ತಿಲ್ಲ.

ಕಂಡಕ್ಟ್ರು ಭುಜ ಅಲ್ಲಾಡುಸ್ತಿದ್ದ. "ತಾತ, ನಿನ್ನ ಟಿಕೇಟು ಮಧುಗಿರಿಗೆ. ಇದು ಪಾವಗಡ. ಮಿಕ್ಕಿದ ಚಾರ್ಜು ಕೊಡು."

"ಮಂತ್ರ ಹಾಕ್ದೋನ ತಾವ ಚಾರ್ಜು ಕೇಳ್ತೀಯೇನ್ಲಾ?"

ಅತ್ತಾಗೆ ಇತ್ತಾಗೆ ನೋಡಿ ಕಿವಿ ಹತ್ರ ಬಂದ. "ಹಂಗಾದ್ರೆ ಚಾರ್ಜು ಬ್ಯಾಡ. ಅದ್ನ ನಂಗೂ ಬರ್ಕೊಡು ತಾತ. ಮನೇಗೆ ಅತ್ತೆ ಬಂದವ್ರೆ."

ಇಟಲಿಯೋನ ಸೋಲು

ಒಂದು ಭಾನ್ವಾರ ಇಟಲಿ ಮೆಕ್ಯಾನಿಕ್ಕು ಮನೇಗೇ ವಿಡಿಯೋ ಕಾಲ್ ಮಾಡ್ದ. ಮಿಷನ್ನಿಂದೇನೋ ಕೇಳೋದಿತ್ತಂತೆ. ನನ್ನ ವಯಸ್ಸೇ ಇರ್ಬೇಕು, ತಲೇಗೆ ಟೋಪಿ, ಅಂಗೀ ಗುಂಡಿ ಬಿಚ್ಚಿ ಬನೀನು ಕಾಣ್ತಿತ್ತು. ಮೊಮ್ಮಗ್ಳ ಮಾತು ಮುಗೀತಿದ್ದಂಗೆ ನಾನು ಮಧ್ಯಕ್ಕೆ ಮುಖ ತೂರಿಸ್ದೆ. ಭಾಳ ಹಿಂದೆ ಆಗೋಗಿದ್ದಕ್ಕೆ ಅವ್ರಲ್ಲಿ ಒಂದು ಬಾಲ ಐತೆ, ಅದ್ನೇ ಎತ್ಕಂಡೆ. "ಪಾರ್ಲಾಯ್, ಪಾರ್ಲಾಸ್ತಿ…"

ಅವ್ನು ನಕ್ಕೊಂಡು ನನ್ನ ಜತೇಲೇ ಹೇಳಕ್ಕೆ ಶುರು ಮಾಡ್ದ. ಅರ್ಧಕ್ಕೆ ನಿಂತ್ಕಂಡ. ಕೆನ್ನೆ ಕೆರ್ಕಂಡ. ನಾನು ನಿಲ್ಲಿಸ್ತೀನಾ? ಕಡೇಗಂಟ ಹೇಳ್ಬುಟ್ಟೆ.

"ಏನಂತಮ್ಮ?"

"ಅವ್ರ ಸೀಮೇಲಿ ಮಾತಾಡುವಾಗ ಅದ್ನ ಬಳಸಾಕಿಲ್ವಂತೆ ತಾತ. ಸ್ಕೂಲ್ನಾಗೆ ಕಲ್ತಿದ್ದು ಮರ್ತೋಯ್ತಂತೆ."

"ಅವನ ಮಾತು ಅವನಿಗೇ ಮರ್ತೈತೆ, ನಂಗೆ ನೆಪ್ಪೈತೆ! ಕರೀ ನನ್ನ ಬಾಮೈದನ್ನ!"

ಬಾಮೈದ ಜಗಲೀಲೇ ಕುಂತಿದ್ದ. ಅಕ್ಕನ್ನ ಮಾತಾಡ್ಸಾಕೆ ಅಂತ ದಿನಾ ಸಂಜೆ ಬರೋನು, ನಾನು ಎಲ್ಲಿ ತಪ್ತೀನಿ ಅಂತ ಕಿವಿ ಕೊಟ್ಕಂಡು ಕುಂತಿರೋನು. ಕೇಳುಸ್ದೇ ಇರೋನಂಗೆ ಕಾಪಿ ಹೀರಿದ.

ಇಟಲಿಯೋನು ಏನೋ ಕೇಳ್ದ. ನಿಮ್ಮ ತಾತ ಏನ್ ಕೆಲ್ಸ ಮಾಡ್ತಾರೆ ಅಂತ.

"ರಾಜ ಅಂತ ಹೇಳು."

ಆ ತುಂಟಿ ಹಂಗೇ ಹೇಳುದ್ಲು, ನಾಟ್ಕ ಗೀಟ್ಕ ಏನೂ ಸೇರಿಸ್ಲಿಲ್ಲ. ಅವ್ನು ನೆಟ್ಟಗೆ ಕುಂತ್ಕಂಡ. ಆಮ್ಯಾಲೆ ಟೋಪಿ ತೆಗ್ದ. ಅಂಗೀ ಗುಂಡಿ ಒಂದೊಂದಾಗಿ ಹಾಕ್ಕಂಡ.

ಸ್ಟೇಜು

ಈಗೆಲ್ಲ ರಾತ್ರಿ ನಾಟ್ಕ ಇಲ್ಲ. ಮಧುಗಿರೀಲಿ ಒಂದು ಹಾಲ್‌ನಾಗೆ, ಬೆಳಿಗ್ಗೆ ಹತ್ತಕ್ಕೆ ಶುರು. ಜನ ತುಂಬ್ಕಂಡಿತ್ತು. ಮಧ್ಯಾಹ್ನದಗಂಟ ನಾನು ಒಂದಕ್ಷರ ತಪ್ಪಲಿಲ್ಲ. ಬಾಮೈದನ ಮುಖ ಸುಟ್ಟ ಬದ್ನೇಕಾಯಿ ಆಗಿತ್ತು.

ಯುದ್ಧದ ಸೀನು ಬಂತು. ಅವ್ನೂ ನಾನೂ ಎದುರಾ ಬದ್ರು, ಇಬ್ರ ಹೆಗಲ ಮ್ಯಾಲೂ ಗದೆ. ನಾನು ದೊಡ್ಡ ಹಾಡು ಹಾಡ್ಬೇಕು. ಅದ್ರ ಕಡೇ ಸಾಲು ಕೇಳುದ್ಮ್ಯಾಲೆ ಅವ್ನು ತನ್ನ ಹಾಡು ಎತ್ಕಬೇಕು. ಮೊದ್ಲ ಸಾಲು ಗುಡುಗಿದೆ. ಎರಡ್ನೇ ಸಾಲಿಗೆ ಬಾಯಿ ತೆಗ್ದೆ. ಮೇಷ್ಟ್ರು ಸ್ವರ ಹಿಡಿದ್ರು. ಇನ್ನೊಂದ್ಸಲ ಹಿಡಿದ್ರು. ಆಗ ನನ್ನ ಬಾಯಾಗಿಂದ ಅದೇ ಮಟ್ಟಿನಾಗೆ ಬಂತು:

"ಪಾರ್ಲೆರೋ… ಪಾರ್ಲೆರಾಯ್… ಪಾರ್ಲೆರಾ!"

ಮರ್ತೆ ಅಂತ ಹೇಳ್ಬ್ಯಾಡಿ. ನಾಲ್ಗೆ ದಾರಿ ತಪ್ತು, ಅಷ್ಟೇ. ಮೇಷ್ಟ್ರ ಕಣ್ಣು ಗೋಲಿ ಥರ ಆದ್ವು, ಬೆರಳು ಮಾತ್ರ ನಿಲ್ಲಿಲ್ಲ. ಬಾಮೈದನ ಮುಖ ಅರಳ್ತು. ಮರ್ತ ಅಂತ ಒಂದು ಮಾತು ಕೂಗಿದ್ರೆ ದುಡ್ಡೂ ಅವಂದು, ಕಿರೀಟಾನೂ ಅವಂದು. ಗದೆ ಎತ್ತಿ ಬಾಯಿ ತೆಗ್ದ. ತಿಂಗ್ಳುಗಟ್ಲೆ ನಮ್ಮ ಜಗಲೀಲಿ ಕುಂತು ಕೇಳಿದ್ದು ಎಲ್ಲೋಗ್ಬೇಕು?

"ಕ್ರೆದೆರೋ! ಕ್ರೆದೆರಾಯ್! ಕ್ರೆದೆರಾ!"

ನಂಬೋ ಮಾತು ಎತ್ಕಂಡಿದ್ದ ಬಡ್ಡೀಮಗ. ಎತ್ತಿ ಅವನಿಗೇ ಗಾಬ್ರಿ. ಗದೆಗೆ ಗದೆ ತಾಗ್ತು.

"ಪಾರ್ಲೆರೆಯ್!" ಅಂದೆ, ಮಾತಾಡ್ಬೋದಾಗಿತ್ತು ಅಂತ.

"ಕ್ರೆದೆರೆಸ್ತಿ!" ಅಂದ, ನೀನು ನಂಬ್ಬೋದಾಗಿತ್ತು ಅಂತ.

ಜನ ಎದ್ದು ನಿಂತು "ಒನ್ಸ್ ಮೋರ್!" ಅಂದ್ರು. ಮುಂದ್ಲ ಸಾಲಿನಾಗೆ ಯಾರೋ ಹಿರಿಯ್ರು "ಇದು ಹಳೇ ಕಾಲದ ಸಂಸ್ಕೃತ ಕಣ್ರಲಾ, ಈಗ ಯಾರಿಗ್ ಬತ್ತದೆ" ಅಂತ ಕೈ ಮುಗುದ್ರು. ಮೈಕಿನಾಗೆ "ರಾಜರ ಅಭಿನಯ ಮೆಚ್ಚಿ ನೂರಾ ಒಂದು ರೂಪಾಯಿ" ಅಂತ ಕೂಗುದ್ರು. ನಾವು ನಿಲ್ಸೋದು ಹೆಂಗೆ? ಒಂದೊಂದೇ ಬಾಲ ಮುಗಿಸ್ತಾ ಅನುಮಾನದ ಅಚ್ಚಿಗೆ ಬಂದ್ವು. ಅಲ್ಲಿ ಇಬ್ರೂ ಗಕ್ಕಂತ ನಿಂತ್ಬುಟ್ವು.

ಹೆಂಗಸ್ರ ಕಡೆಯಿಂದ ನನ್ನ ಮೊಮ್ಮಗ್ಳು ಕೂಗುದ್ಲು: "ಪಾರ್ಲಾಸ್ಸೆರೊ, ತಾತ!" ಆ ಅಚ್ಚಿನ ಕಡೇ ಬಾಲ ಅದು.

ಪರದೆ ಎಳೆಯೋನು ಯುದ್ಧ ಮುಗೀತು ಅಂತ ಎಳ್ದೇ ಬುಟ್ಟ.

ಪರದೆ ಹಿಂದೆ ಶುರುವಾತು ನಿಜವಾದ ಯುದ್ಧ. "ನೀನು ಮರ್ತೆ ಬಾವ!" "ನೀನ್ಯಾಕ್ಲಾ ಜವಾಬು ಕೊಟ್ಟೆ? ಜವಾಬು ಕೊಟ್ಮ್ಯಾಲೆ ಅದೇ ಸಾಲು!" ಅವ್ನ ಕಿರೀಟ ನಾನು ಹಿಡ್ದೆ, ನನ್ನ ಮೀಸೆ ಅವ್ನು ಹಿಡ್ದ. ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ ಎದ್ದು ಬಂದ್ರು.

"ಇಬ್ರೂ ಮರೆತ್ರಿ, ಇಬ್ರ ದುಡ್ಡೂ ಹೋತು. ಇವತ್ತು ಸ್ಟೇಜಿಗೆ ಬೇಕಾದ ಸಾಲು ಸರಿಯಾಗಿ ಕೊಟ್ಟಿದ್ದು ಆ ಹುಡ್ಗಿ ಒಬ್ಳೇ. ಮುಂದ್ಲ ವರ್ಸ ರಾಜಾಪಾರ್ಟು ಅವ್ಳಿಗೆ."

ಬಾಮೈದ ಅಲ್ಲೇ ಕುಂತು ಗೋಳೋ ಅಂತ ಅತ್ತ. ಹೆಂಡ್ತಿ ತಮ್ಮ ಅಲ್ವಾ, ಹಂಗೇ ಬಿಡಾಕಾಗ್ತದಾ? ಗದೆ ಹೊತ್ಕಂಡೇ ಹೊರಗೆ ಕರ್ಕೊಂಡೋಗಿ ಕಾಪಿ, ಬೋಂಡ ಕೊಡಿಸ್ದೆ. ಪಂದ್ಯದ್ದು ಐದು ಸಾವ್ರ, ಅವ್ನು ತಿಂದಿದ್ದು ಅರವತ್ತು. ಒಟ್ಟು ನಾನು ಕಳ್ಕಂಡಿದ್ದು ಐದು ಸಾವಿರದ ಅರವತ್ತು ರೂಪಾಯಿ.