ರಿವರ್ಸ್ ಗೇರಿನ ಮಾವ

ನನ್ನ ಸೋದರಮಾವನಷ್ಟು ಚೆನ್ನಾಗಿ ಲಾರಿ ಓಡಿಸುವವರು ಸಿಂಧನೂರು ಸೀಮೆಯಲ್ಲೇ ಇರಲಿಲ್ಲ. ಷರತ್ತು ಒಂದೇ: ಲಾರಿ ಮುಂದಕ್ಕೆ ಹೋಗುತ್ತಿರಬೇಕು!

ಇದಕ್ಕೆ ಕಾರಣವಿತ್ತು. ಎಂಬತ್ತರ ದಶಕವೆಲ್ಲ ಅವನು ಗೊರೇಬಾಳದ ಒಂದು ರೈಸ್ ಮಿಲ್ಲಿನ ಲಾರಿಗೆ ಕ್ಲೀನರ್ ಆಗಿದ್ದ. ಓಡಿಸುವುದನ್ನು ಡ್ರೈವರನ ಪಕ್ಕ ಕೂತೇ ಕಲಿತಿದ್ದ. ಆದರೆ ಲಾರಿ ಹಿಂದಕ್ಕೆ ಬರುವಾಗ ಕೆಳಗಿಳಿದು, ಹಿಂಬದಿ ನಿಂತು, ತಗಡಿಗೆ ಬಡಿಯುತ್ತ "ಬರ್ಲಿ, ಬರ್ಲಿ" ಎಂದು ಕೂಗುವುದು ಕ್ಲೀನರನ ಕೆಲಸವಲ್ಲವೇ? ಅದು ಅವನ ರಕ್ತಕ್ಕೇ ಇಳಿದಿತ್ತು. ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಹಿಂದೆ ಸರಿದರೂ ಓಡಿಹೋಗಿ ಬಡಿಯುತ್ತಿದ್ದ. ಒಮ್ಮೆ ತಾನು ಹತ್ತಬೇಕಾಗಿದ್ದ ಬಸ್ಸನ್ನೇ ಚೊಕ್ಕವಾಗಿ ಹಿಂದೆ ತೆಗೆಸಿ, "ರೈಟ್" ಎಂದು ಕಳಿಸಿಕೊಟ್ಟು, ಅಲ್ಲೇ ಉಳಿದ.

ಮುಂದೆ ಮಿಲ್ಲಿನ ಡ್ರೈವರನಿಗೆ ಕಣ್ಣು ಮಂಜಾಯಿತು. ಮಿಲ್ಲಿನ ಸಾವ್ಕಾರ ನನ್ನ ಮಾವನನ್ನು ಕರೆದು, "ಹೆವಿ ಲೈಸೆನ್ಸ್ ತಂದ್ರ ಸ್ಟೇರಿಂಗ್ ನಿಂದು. ಇಲ್ಲಾಂದ್ರ ದೀಪಾವಳಿಗೆ ಬ್ಯಾರೆ ಡ್ರೈವರ್ ಬರ್ತಾನ. ತನ್ನ ಕ್ಲೀನರ್‌ನ ತಾನ ಕರಕೊಂಡು ಬರ್ತಾನ" ಎಂದ. ಅಂದರೆ ಇದ್ದ ಕೆಲಸವೂ ಹೋದಂತೆ.

ಲಿಂಗಸುಗೂರಿಗೆ ಆರ್‌ಟಿಓ ಕ್ಯಾಂಪ್ ಬಂದಾಗ ಮಾವ ಪರೀಕ್ಷೆಗೆ ಹೋದ. ಮೋಜು ನೋಡಲು ನಾನೂ ಹೋದೆ. ಮೈದಾನದಲ್ಲಿ ಲಾರಿಯನ್ನು ಮುಂದಕ್ಕೆ ಗತ್ತಿನಿಂದಲೇ ಓಡಿಸಿದ. ಪಕ್ಕದಲ್ಲಿ ಕೂತಿದ್ದ ಇನ್‌ಸ್ಪೆಕ್ಟರ್ ಸಾಹೇಬರು "ರಿವರ್ಸ್ ತಗೋ" ಎಂದರು. ಮಾವ ಗೇರು ಹಾಕಿದ, ಕ್ಲಚ್ ಬಿಟ್ಟ, ಬಾಗಿಲು ತೆರೆದ, ಕೆಳಗೆ ಜಿಗಿದ! ಹಿಂದೆ ಹೋಗಿ "ಬರ್ಲಿ, ಬರ್ಲಿ" ಎಂದು ಬಡಿಯತೊಡಗಿದ. ಲಾರಿಯೂ ಬರುತ್ತಿತ್ತು, ಪಾಪ, ಹೇಳಿದ ಮಾತು ಕೇಳುವ ಲಾರಿ. ಒಳಗೆ ಒಂಟಿಯಾಗಿದ್ದ ಸಾಹೇಬರ ಕೂಗು ಯಾರಿಗೆ ಕೇಳಬೇಕು? ಲಾರಿ ಮಣ್ಣಿನ ದಿಬ್ಬ ಹತ್ತಿ, ಎಂಜಿನ್ ತಾನಾಗಿ ನಿಂತಿತು.

"ಹಿಂದ ಯಾರೂ ಇದ್ದಿಲ್ಲ. ನೋಡಲಾರದ ಹೆಂಗ ಬಿಡ್ಲಿ ಸಾಹೇಬ್ರ?" ಎಂದ ಮಾವ. ಫೇಲು. ಮುಂದಿನ ಕ್ಯಾಂಪಿಗೆ ಬರಬೇಕು.

ಹಿಂದೆ ನಿಂತು ಕೂಗಲು ಆಳು ಹುಡುಕಿದೆವು. ಮಾವನಿಗೆ ಯಾರೂ ಹಿಡಿಸಲಿಲ್ಲ. "ಇವರ ಮಾತು ನಂಬಿದ್ರ ಲಾರಿ ಸಮೇತ ಕಾಲುವ್ಯಾಗ ಇರ್ತೀನಿ" ಎಂದ. ಕಡೆಗೆ ಅವನಿಗೆ ನಂಬಿಕೆ ಬಂದದ್ದು ಯಾರ ಮೇಲೆ ಗೊತ್ತೇ? ನನ್ನ ಅತ್ತೆಯ ಮೇಲೆ! ನಾಲ್ಕು ಜನರ ಮುಂದೆ ಗಂಡನ ಜೊತೆ ದನಿ ಎತ್ತಿ ಮಾತಾಡಿದವಳಲ್ಲ ಅವಳು.

"ನಾ ಒದರೂದಾ? ಮಂದಿ ಏನಂದಾರು?"

"ಏನರ ಅನ್ಲಿ. ನೀ ನಿಂತ್ರ ನನಗ ಧೈರ್ಯ."

ಮುಂದಿನ ಕ್ಯಾಂಪಿನಲ್ಲಿ, ಪರೀಕ್ಷೆಗೆ ಹೆಂಗಸೇಕೆ ಎಂದರು ಅದೇ ಸಾಹೇಬರು. "ಲಾರಿ ಅಂದಮ್ಯಾಲ ಕ್ಲೀನರ್ ಇರಬೇಕಲ್ರೀ" ಎಂದ ಮಾವ. ಮತ್ತೆ ಲಾರಿಯಲ್ಲಿ ಒಂಟಿಯಾಗುವುದಕ್ಕಿಂತ ಇದೇ ವಾಸಿ ಎನಿಸಿತೋ ಏನೋ, ಸಾಹೇಬರು ಒಪ್ಪಿದರು. ಅತ್ತೆ ತಲೆ ಮೇಲೆ ಸೆರಗು ಎಳೆದುಕೊಂಡು ಲಾರಿಯ ಹಿಂದೆ ನಿಂತಳು. ಮೊದಲು ದನಿಯೇ ಹೊರಡಲಿಲ್ಲ. ಲಾರಿ ಅಲುಗಿದ್ದೇ ತಗಡಿಗೆ ಬಡಿದು ಕೂಗಿದಳು: "ಬರ್ರೀ... ಒಂಚೂರು ಬಲಕ್ಕ ಬರ್ರೀ... ಸಾಕ್ರೀ." ಒಳಗಿರುವವನು ಗಂಡ ತಾನೆ, ಲಾರಿಗೂ ಮರ್ಯಾದೆ! ಮೈದಾನದಲ್ಲಿ ಎಳೆದಿದ್ದ ಗೆರೆಯೊಳಗೇ ಲಾರಿ ಬಂದು ನಿಂತಿತು. ಮಾವ ಪಾಸಾದ.

ಮರಳುವಾಗ ಅತ್ತೆಯನ್ನು ಕ್ಯಾಬಿನ್ನಿನಲ್ಲಿ ತನ್ನ ಪಕ್ಕ ಕೂಡಿಸಿಕೊಂಡ. ನಾನು ಅವಳನ್ನು ಛೇಡಿಸಿದೆ. ಅವಳು ನಗಲಿಲ್ಲ. ಹೊಗೆಯಿಂದ ಕರಿ ಹತ್ತಿದ ಮುಖವನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಅಳುತ್ತಿದ್ದಳು.

"ಪಾಸ್ ಆಗೀನಲ್ಲ, ಯಾಕ ಅಳ್ತಿ?" ಎಂದ ಮಾವ.

"ಹೊಗಿ, ದೂಳ ಎಲ್ಲಾ ಮಾರಿಗೇ ಬರ್ತೈತಲ್ರೀ. ಇಷ್ಟು ವರ್ಷ ಹಿಂಗ ನಿಂತಿದ್ರೇನು ನೀವು? ಮನ್ಯಾಗ ಒಂದಿನಾನೂ ಹೇಳಲಿಲ್ಲ."

ಮುಂದೆ ಇನ್ನೊಂದು ಲಾರಿ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಮಾವ ನಮ್ಮ ಲಾರಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ, ಧೂಳೆಲ್ಲ ಇಳಿಯುವವರೆಗೆ ಕಾದು, ಆಮೇಲೆ ಗೇರು ಹಾಕಿದ.