ಕೋಣೆಯೊಳಗಿನ ನಂಜನಗೂಡು ಗಾಡಿ

ಮೈಸೂರಿನಲ್ಲಿ ರೈಲ್ವೆ ನಿಲ್ದಾಣಗಳು ಎಷ್ಟಿವೆ ಎಂದು ಕೇಳಿದರೆ ತಿಳಿದವರು ದೊಡ್ಡ ನಿಲ್ದಾಣ, ಚಾಮರಾಜಪುರಂ, ಅಶೋಕಪುರಂ ಎಂದು ಬೆರಳು ಮಡಿಸುತ್ತಾರೆ. ಇನ್ನೂ ಒಂದು ಬೆರಳು ಮಡಿಸಬೇಕು. ಆ ನಿಲ್ದಾಣ ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ, ಅಡುಗೆಮನೆಗೂ ಬಚ್ಚಲಿಗೂ ನಡುವೆ ಇದೆ. ಅದರ ಸ್ಟೇಷನ್ ಮಾಸ್ಟರು, ಡ್ರೈವರು, ಗಾರ್ಡು, ಗೇಟು ಕಾಯುವವರು ಎಲ್ಲ ಒಬ್ಬರೇ, ನನ್ನ ಗಂಡ. ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೇಳಬಾರದೆನ್ನುವ ಕಾಲದವಳೇನೂ ನಾನಲ್ಲ. ಹೇಳಿದರೆ ನಾಳೆ ಬೆಳಿಗ್ಗೆಯೇ ರೈಲು ನೋಡಲು ಜನ ಬರುತ್ತಾರೆ, ಅವರಿಗೆಲ್ಲ ಕಾಫಿ ಮಾಡಬೇಕಾದವಳು ನಾನು!

ಇಷ್ಟು ಹುಚ್ಚಿರುವ ಮನುಷ್ಯ ಜೀವನವೆಲ್ಲ ರೈಲಿನಲ್ಲೇ ಓಡಾಡಿರಬೇಕು ಎಂದು ನೀವು ಅಂದುಕೊಳ್ಳಬಹುದು. ಇವರಿಗೆ ರೈಲು ಹತ್ತಿದರೆ ಶ್ರೀರಂಗಪಟ್ಟಣ ದಾಟುವ ಮೊದಲೇ ವಾಂತಿ. ಮಗಳನ್ನು ಗಂಡನ ಮನೆಗೆ ಬಿಟ್ಟುಬರಲು ನಾವೆಲ್ಲ ಹುಬ್ಬಳ್ಳಿಗೆ ಹೊರಟಾಗ, ಧಾರೆ ಎರೆದುಕೊಟ್ಟ ಅಪ್ಪ ಪ್ಲಾಟ್‌ಫಾರಮ್ಮಿನಲ್ಲೇ ನಿಂತು, ಕಣ್ಣೊರೆಸಿಕೊಂಡು, ಎಂಜಿನ್ನಿನ ನಂಬರು ಬರೆದುಕೊಂಡು ಮನೆಗೆ ಹೋದರು.

ಆ ಮಗಳ ಕೋಣೆಯೇ ನನ್ನ ಗೋಳಿಗೆಲ್ಲ ಮೂಲ. ಮದುವೆಯಾದಾಗಿನಿಂದ ನನಗೆ ಒಂದೇ ಒಂದು ಆಸೆ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಒಂದು ಕೋಣೆಗೆ ಹೋಗಬೇಕು, ಬಾಗಿಲು ಹಾಕಬೇಕು, ಚಿಲಕ ಏರಿಸಬೇಕು, ಮಂಚದ ಮೇಲೆ ಉರುಳಿ ಒಂದು ಗಂಟೆ ಪುಸ್ತಕ ಓದಬೇಕು. ಅಷ್ಟೇ. ಬಂಗಾರ ಕೇಳಲಿಲ್ಲ, ಕಾಶಿಗೆ ಕರೆದುಕೊಂಡು ಹೋಗಿ ಎನ್ನಲಿಲ್ಲ. ಮೊದಲು ಅತ್ತೆ ಮಾವ ಇದ್ದರು, ಆಮೇಲೆ ಮಗಳ ಓದು, ಜೊತೆಗೆ ನನ್ನ ಹೈಸ್ಕೂಲು ಮೇಷ್ಟರಿಕೆ. ಮಕ್ಕಳ ಉತ್ತರ ಪತ್ರಿಕೆ ತಿದ್ದಿದ್ದು ಕೂಡ ಅಡುಗೆಮನೆಯ ಕಟ್ಟೆಯ ಮೇಲೆ. ಮಗಳು ಹೊರಟಳು, ನನಗೆ ರಿಟೈರ್ ಆಯಿತು. ಇನ್ನು ಆ ಕೋಣೆ ನನ್ನದು ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದೆ. ಇವರು ತಲೆಯನ್ನೂ ಆಡಿಸಿದ್ದರು.

ಆಮೇಲೆ ನಾನು ಒಂದು ತಪ್ಪು ಮಾಡಿದೆ. ವಿದ್ಯಾರಣ್ಯಪುರದಲ್ಲಿರುವ ನನ್ನ ತಂಗಿಗೆ ಕಣ್ಣಿನ ಪೊರೆ ತೆಗೆಸಿದರು ಎಂದು ಅವಳ ಮನೆಗೆ ಹತ್ತು ದಿನ ಹೋಗಿ ಕೂತೆ. ಹತ್ತೇ ದಿನ! ವಾಪಸು ಬಂದು ನೋಡಿದರೆ ಕೋಣೆಯ ಬಾಗಿಲು ಬಚ್ಚಲ ಹಿಂದಿನ ಗೋಡೆಗೆ ಒರಗಿ ನಿಂತಿತ್ತು. ಕೋಣೆಯೊಳಗೆ ನಾಲ್ಕೂ ಗೋಡೆಯ ಉದ್ದಕ್ಕೆ, ಸೊಂಟದೆತ್ತರಕ್ಕೆ, ಆಟದ ರೈಲಿನ ಹಳಿ ಹಾಸಿದ ಪ್ಲೈವುಡ್ಡಿನ ಮೇಜು. ಅದು ಬಾಗಿಲಿನ ಜಾಗವನ್ನೂ ಬಿಡದೆ ಅಡ್ಡಡ್ಡ ಹಾದುಹೋಗಿತ್ತು. ನಡುವೆ ಒಬ್ಬರು ಕೂರುವಷ್ಟು ಬಾವಿಯಂಥ ಜಾಗ. ಅದರೊಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಇವರು.

“ಬಾಗಿಲು ಎಲ್ರೀ?” ಎಂದೆ.

“ಒಳಕ್ಕೆ ತೆಗೀತಿತ್ತಲ್ಲೇ, ಮೇಜಿಗೆ ತಗುಲ್ತಿತ್ತು. ಮರಗೆಲಸದ ಆಚಾರ್ರಿಗೆ ಹೇಳಿ ಬಿಚ್ಚಿಸ್‌ಬುಟ್ಟೆ.”

“ಮೇಜನ್ನ ಒಂದಡಿ ಚಿಕ್ಕದು ಮಾಡಿಸ್ಬಹುದಿತ್ತಲ್ಲ?”

“ಆಮೇಲೆ ನಂಜನಗೂಡು ಎಲ್ಲಿ ಇಡ್ಲಿ?”

ಇವರು ಸರ್ವೆ ಕೆಲಸದಲ್ಲಿದ್ದವರು. ಮೂವತ್ತು ವರ್ಷ ಊರೂರು ತಿರುಗಿ ಕಂಡವರ ಹೊಲ ಗದ್ದೆ ಅಳೆದರು, ಅಣ್ಣತಮ್ಮಂದಿರ ಬದುವಿನ ಜಗಳ ಬಿಡಿಸಿದರು. ತಮ್ಮ ಮನೆಯ ಬಾಗಿಲು ಎತ್ತ ತೆರೆಯುತ್ತದೆ ಎಂದು ನೋಡಲಿಲ್ಲ. ಬಾಗಿಲು ಹಾಕಿಕೊಳ್ಳಲು ನಾನು ಕಾದುಕೊಂಡಿದ್ದ ಕೋಣೆಗೆ ಈಗ ಬಾಗಿಲೇ ಇಲ್ಲ! ಒಳಗೆ ಹೋಗಬೇಕಾದರೆ ಮೇಜಿನ ಕೆಳಗೆ ಅಂಬೆಗಾಲಿಟ್ಟು ನುಸುಳಬೇಕು. ನನ್ನ ಮಂಡಿ ನೆಲ ಮುಟ್ಟಕೂಡದು ಎಂದು ಡಾಕ್ಟರು ಹೇಳಿ ಎಷ್ಟೋ ಕಾಲವಾಗಿತ್ತು. ಹೀಗಾಗಿ ನನ್ನ ಕೋಣೆಯನ್ನು ನಾನು ನಾಲ್ಕು ವರ್ಷ ಹೊಸ್ತಿಲಲ್ಲಿ ನಿಂತು ನೋಡಿದೆ.

ನೋಡಿದ್ದೇನು ಕಡಿಮೆಯೇ? ಹಳೆಯ ಪೇಪರು ನೆನೆಸಿ, ಮೆಂತ್ಯ ಸೇರಿಸಿ, ನನ್ನ ಗ್ರೈಂಡರಿನಲ್ಲಿ ರುಬ್ಬಿ ಚಾಮುಂಡಿ ಬೆಟ್ಟ ಕಟ್ಟಿದರು. ಒಂದು ವಾರ ನಮ್ಮನೆ ಇಡ್ಲಿ ಬೂದುಬಣ್ಣಕ್ಕಿತ್ತು. ನನ್ನ ನೀಲಿ ಕ್ರೇಪ್ ಸೀರೆಯ ಸೆರಗು ಕಪಿಲಾ ನದಿಯಾಯಿತು. ನದಿ ಬಹಳ ಚೆನ್ನಾಗಿ ಬಂದಿತ್ತು, ನನಗೆ ಅದೇ ಸಂಕಟ.

ಇಷ್ಟಾದ ಮೇಲೆ ಹಳಿಗಳ ನಡುವೆ ಹಾಕಲು ಜಲ್ಲಿ ಬೇಕಾಯಿತು. ಅಂಗಡಿಯಿಂದ ತರಿಸಿದ್ದರ ಬಣ್ಣ ಇವರಿಗೆ ಒಪ್ಪಲಿಲ್ಲ. ಸಣ್ಣಗೆ, ದುಂಡಗೆ, ಕೆಂಚಗೆ ಇರುವ ವಸ್ತು ಮನೆಯಲ್ಲಿ ಯಾವುದಿದೆ ಎಂದು ಹುಡುಕುತ್ತಾ ನನ್ನ ರಾಗಿ ಡಬ್ಬದ ಹತ್ತಿರ ಬಂದು ನಿಂತರು. ಮೈಸೂರಿನಿಂದ ನಂಜನಗೂಡಿನವರೆಗೆ ರಾಗಿ ಸುರಿದು, ಗೋಂದಿನ ನೀರು ಚಿಮುಕಿಸಿ, ಗೋಂದು ಬೇಗ ಒಣಗಿ ಬಿರುಕು ಬಿಡಬಾರದು ಎಂದು ಮೇಲೆ ಒದ್ದೆ ಬಟ್ಟೆ ಹೊದಿಸಿದರು. ರಾಗಿಗೆ ನೀರು ಹಾಕಿ ಒದ್ದೆ ಬಟ್ಟೆ ಹೊದಿಸಿದರೆ ಏನಾಗುತ್ತದೆ ಎಂದು ಕೂಸಿಗೆ ರಾಗಿ ಸರಿ ತಿನ್ನಿಸಿದ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಇವರು ಕೇಳಲಿಲ್ಲ. ಮೂರನೆಯ ದಿನ ಬಟ್ಟೆ ಎತ್ತಿದರೆ ಇಡೀ ಮಾರ್ಗ ಮೊಳಕೆ ಒಡೆದಿತ್ತು!

ನಾನು ಹೊಸ್ತಿಲಲ್ಲಿ ನಿಂತು ನಕ್ಕು ನಕ್ಕು ಸುಸ್ತಾದೆ. ಇವರು ಕನ್ನಡಕ ಏರಿಸಿ, ಬಗ್ಗಿ ನೋಡಿ, ಮಳೆಗಾಲ ಅಂತ ಇಟ್ಟುಕೊಂಡರಾಯಿತು ಎಂದರು. ಎರಡು ದಿನ ಗಾಡಿಗಳು ಪೈರಿನ ನಡುವೆಯೇ ಓಡಿದವು. ಗೋಂದು ಸೇರಿರದಿದ್ದರೆ ಅಷ್ಟನ್ನೂ ಕಿತ್ತು ಒಣಗಿಸಿ ಹಿಟ್ಟು ಮಾಡಿಸುತ್ತಿದ್ದೆ.

ಆಮೇಲೆ ಬಂತು ವೇಳಾಪಟ್ಟಿ. ದಿನಕ್ಕೆ ಎಂಟು ಗಾಡಿ. ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಬಡಿಸಿದ ಅನ್ನ ಆರುತ್ತಿದೆ ಎಂದು ಕೂಗಿದರೆ, ಕಡಕೊಳದಲ್ಲಿ ಕ್ರಾಸಿಂಗ್ ಇದೆ, ಎದುರಿನ ಗಾಡಿ ಬರುವವರೆಗೆ ಏಳುವ ಹಾಗಿಲ್ಲ ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

“ಎದುರಿನ ಗಾಡೀನೂ ನೀವೇ ತಾನೇ ಬಿಡೋದು? ಈಗ್ಲೇ ಬಿಟ್ಟು ಊಟಕ್ಕೆ ಬನ್ನಿ.”

“ಟೈಮ್ ಆಗ್ದೆ ಹೇಗೆ ಬಿಡೋಕಾಗುತ್ತೆ ಕಣೇ?”

ಬಿಡುವವರೂ ಇವರೇ, ತಡೆಯುವವರೂ ಇವರೇ, ಕಾಯುವವಳು ಮಾತ್ರ ನಾನು. ಮೈಸೂರಿನಲ್ಲಿ ಇಷ್ಟು ಸರಿಯಾದ ಸಮಯಕ್ಕೆ ಹೊರಡುವ ಗಾಡಿಗಳೂ ಇಲ್ಲ, ಇಷ್ಟು ತಣ್ಣಗಿನ ಸಾರು ಉಣ್ಣುವ ಸ್ಟೇಷನ್ ಮಾಸ್ಟರೂ ಇಲ್ಲ.

ಕಳೆದ ಆಯುಧಪೂಜೆಯ ದಿನ ನನ್ನ ತಾಳ್ಮೆ ಮುಗಿಯಿತು. ಸ್ಕೂಟರಿಗೆ ಪೂಜೆಯಾಯಿತು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸಿದ್ದೂ ಆಯಿತು. ಎಂಜಿನ್ನಿಗೂ ಆಗಬೇಕು ಎಂದು ಇವರ ಹಟ. ಎಂಜಿನ್ನು ಗೇಣುದ್ದ, ಅದರ ಚಕ್ರ ಒಂದು ಕಡಲೆಕಾಳಿನಷ್ಟು. ದೇವರಾಜ ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ಸಣ್ಣ ನಿಂಬೆಹಣ್ಣು ಕೊಡಿ ಎಂದು ಅಂಗಡಿ ಅಂಗಡಿ ಸುತ್ತಿ, ದೊಡ್ಡದು ಕೇಳುವವರನ್ನಷ್ಟೇ ನೋಡಿದ್ದ ವ್ಯಾಪಾರಿಗಳ ನಗೆಗೀಡಾಗಿ, ಗೋಲಿಯಷ್ಟಿದ್ದ ಒಂದು ನಿಂಬೆ ಈಚನ್ನು ತಂದರು. ಅರಿಶಿನ, ಕುಂಕುಮ, ಮಂಗಳಾರತಿ ಎಲ್ಲ ಸಾಂಗವಾಗಿ ನಡೆದವು. ಎಂಜಿನ್ನು ನಿಂಬೆಕಾಯಿಗೆ ಮೂತಿ ಕೊಟ್ಟು ಗುರುಗುಟ್ಟಿತು, ಮೂತಿ ಮೇಲೆತ್ತಿತು, ಮೂರು ಬೋಗಿಗಳನ್ನೂ ಎಳೆದುಕೊಂಡು ನನ್ನ ಸೀರೆಯ ನದಿಗೆ ಬಿತ್ತು. ಇವರು ಕತ್ತು ತಿರುಗಿಸಿ ನನ್ನನ್ನು ನೋಡಿ, ನೀನು ಅಲ್ಲಿ ನಿಂತು ಒಂದೇ ಸಮನೆ ನೋಡುತ್ತಿದ್ದೆಯಲ್ಲ, ದೃಷ್ಟಿಯಾಯಿತು ಎಂದರು. ದೃಷ್ಟಿ ತೆಗೆಯಲು ಇಟ್ಟ ನಿಂಬೆಕಾಯಿಗೆ ಎಡವಿ ಬಿದ್ದ ಗಾಡಿಗೆ ನನ್ನ ದೃಷ್ಟಿಯಂತೆ!

ಅವತ್ತು ನಾನು ಖಡಾಖಂಡಿತವಾಗಿ ಹೇಳಿಬಿಟ್ಟೆ. ಯುಗಾದಿಯ ಹೊತ್ತಿಗೆ ನನಗೆ ನನ್ನ ಕೋಣೆ ಬೇಕು, ಬಾಗಿಲು ಸಮೇತ. ಇಲ್ಲವಾದರೆ ನಾನು ತಂಗಿಯ ಮನೆಗೆ ಹೋಗುತ್ತೇನೆ, ಈ ಸಲ ಹತ್ತು ದಿನಕ್ಕಲ್ಲ. ಇವರು ನದಿಗೆ ಬಿದ್ದ ಬೋಗಿಗಳನ್ನು ಎತ್ತಿಕೊಳ್ಳುತ್ತಾ ಕೂತಿದ್ದರು.

ಸಂಕ್ರಾಂತಿ ಕಳೆಯಿತು. ಎಂಟು ಗಾಡಿಗಳು ನಾಲ್ಕಾದವು, ಆಮೇಲೆ ಎರಡು, ಆಮೇಲೆ ಒಂದು. ಒಂದು ದಿನ ಫ್ರಿಜ್ಜಿನ ಮೇಲಿನ ಪಟ್ಟಿಯೂ ಕಾಣಲಿಲ್ಲ. ಕೂಗಿದ ತಕ್ಷಣ ಊಟಕ್ಕೆ ಬಂದು ಕೂರುತ್ತಿದ್ದರು. ನಾನು ಗೆದ್ದೆ ಎಂದು ತಂಗಿಗೆ ಫೋನು ಮಾಡಿ ಹೇಳಿದೆ. ಕಿಟಕಿಗೆ ಪರದೆಯ ಬಟ್ಟೆಯನ್ನೂ ತಂದೆ. ಯುಗಾದಿಗೆ ವಾರವಿದೆ ಎನ್ನುವಾಗ ಇವರೇ ಬಂದು, “ಆಚಾರ್ರಿಗೆ ಹೇಳಿದೀನಿ ಕಣೇ. ನಾಳೆ ಬಂದು ಎಲ್ಲ ಬಿಚ್ತಾರೆ, ಬಾಗಿಲೂ ಹಾಕ್ಕೊಡ್ತಾರೆ. ನಿನ್ ಕೋಣೆ ನೀನ್ ತಗೋ” ಎಂದರು. ಅಷ್ಟು ಸುಲಭವಾಗಿ ಸಿಕ್ಕಿದ್ದಕ್ಕೆ ನನಗೆ ಸ್ವಲ್ಪ ಬೇಜಾರೇ ಆಯಿತು. ಇನ್ನಷ್ಟು ಜಗಳಕ್ಕೆ ಮಾತು ಕೂಡಿಟ್ಟುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಹೊಸ್ತಿಲಿಗೆ ಹೋದೆ. ಇವರು ನನಗೆ ಬೆನ್ನು ಮಾಡಿ ಕೂತಿದ್ದರು. ಕೊನೆಯದಾಗಿ ಒಂದು ಗಾಡಿ ಬಿಡೋಣ ಎಂದಿರಬೇಕು, ಬೋಗಿಯೊಂದನ್ನು ಹಳಿಯ ಮೇಲೆ ಕೂರಿಸುತ್ತಿದ್ದರು. ಒಂದು ಬೋಗಿಗೆ ಎಂಟು ಚಕ್ರ. ಎಂಟೂ ಹಳಿಯ ಮೇಲೆ ಸರಿಯಾಗಿ ಕೂತರೆ ಮಾತ್ರ ಅದು ಓಡುವುದು. ಮುಂದಿನ ನಾಲ್ಕು ಕೂತವು, ಹಿಂದಿನವು ಜಾರಿದವು. ಹಿಂದಿನವನ್ನು ಕೂರಿಸಿದರೆ ಮುಂದಿನವು ಜಾರಿದವು. ಬಲಗೈ ನಡುಗುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಮತ್ತೆ ಇಟ್ಟರು. ಬೋಗಿ ಮಗುಚಿಕೊಂಡಿತು. ಆಮೇಲೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟರು.

ಗಾಡಿಗಳು ಕಡಿಮೆಯಾದದ್ದು ನನಗೆ ಹೆದರಿ ಅಲ್ಲ. ಕೈ ಆಗುತ್ತಿರಲಿಲ್ಲ. ಅಂಗಿಯ ಮೇಲೆ ಸಾರು ಚೆಲ್ಲಿಕೊಂಡಿದ್ದಕ್ಕೆ ನಾನು ಎಷ್ಟು ಸಲ ಬೈದಿದ್ದೆ! ಲೋಟದ ತುಂಬ ಕಾಫಿ ಬೇಡ, ಅರ್ಧ ಸಾಕು ಎಂದರೆ ಬಾಯಿ ಕೆಟ್ಟಿದೆ ಅಂದುಕೊಂಡಿದ್ದೆ. ಗಡ್ಡ ಬೋಳಿಸಿಕೊಳ್ಳಲು ಅಂಗಡಿಗೆ ಹೋಗಲು ಶುರುಮಾಡಿದರೆ, ಈ ವಯಸ್ಸಿನಲ್ಲಿ ಷೋಕಿ ಎಂದಿದ್ದೆ. ಹೊಸ್ತಿಲಲ್ಲಿ ನಿಂತು ರಾಗಿಯ ಮೊಳಕೆ ಕಂಡ ಕಣ್ಣಿಗೆ ಗಂಡನ ಕೈ ಕಂಡಿರಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಲೋಟವನ್ನು ಮೇಜಿನ ಮೇಲಿಟ್ಟು ಕೆಳಗೆ ನುಸುಳಿದೆ. ಮಂಡಿ ಪ್ರಾಣ ತೆಗೆಯಿತು. ಏಳುವಾಗ ಹಲಗೆಗೆ ತಲೆ ಬಡಿಯಿತು. ಸದ್ದಿಗೆ ಇವರು ತಿರುಗಿದರು.

“ನಿನ್ ಮಂಡಿ ಕಣೇ,” ಎಂದರು.

“ಇರ್ಲಿ. ಯಾವಾಗಿಂದ ಇದು?”

“ದಸರಾಗೆ ಮುಂಚೆಯಿಂದ್ಲೇ. ಒಬ್ನೇ ಹೋಗಿ ಡಾಕ್ಟ್ರಿಗೆ ತೋರಿಸ್ಕೊಂಡ್ ಬಂದೆ. ಮಾತ್ರೆ ಕೊಟ್ಟಿದಾರೆ.”

ಇವರ ತೊಡೆಯ ಮೇಲಿದ್ದ ಬೋಗಿಯನ್ನು ತೆಗೆದುಕೊಂಡು, ಇದರ ಮುಖ ಯಾವ ಕಡೆ ಎಂದೆ. ನಂಜನಗೂಡಿನ ಕಡೆ ಎಂದರು. ಮಲ್ಲಿಗೆ ಮೊಗ್ಗು ಕಟ್ಟಿ ಪಳಗಿದ ಬೆರಳುಗಳು, ಎಂಟು ಚಕ್ರ ಒಂದೇ ಸಲಕ್ಕೆ ಕೂತವು. ಇನ್ನೆರಡು ಬೋಗಿಗಳನ್ನೂ ಕೂರಿಸಿ ಎಂಜಿನ್ನಿಗೆ ಸಿಕ್ಕಿಸಿದೆ. ಇವರು ಗುಂಡಿ ತಿರುಗಿಸಿದರು. ಅದಕ್ಕೆ ಕೈ ನಡುಗಿದರೂ ನಡೆಯುತ್ತದೆ. ಗಾಡಿ ನಮ್ಮಿಬ್ಬರನ್ನೂ ಒಂದು ಸುತ್ತು ಹಾಕಿತು.

ಅಷ್ಟರಲ್ಲಿ ಆಚಾರ್ರು ಚೀಲ ಹಿಡಿದು ಬಂದರು. ಬಾವಿಯೊಳಗೆ ಗಂಡ ಹೆಂಡತಿ ಇಬ್ಬರನ್ನೂ ಕಂಡು ಏನು ಬಿಚ್ಚಬೇಕೋ ತಿಳಿಯದೆ ನಿಂತರು. ಬಿಚ್ಚುವುದು ಏನೂ ಇಲ್ಲ, ಬಾಗಿಲ ಹತ್ತಿರದ ಹಲಗೆ ಕುಯ್ದು, ಮೇಲೆತ್ತುವ ಹಾಗೆ ಕೀಲು ಹಾಕಿಕೊಡಿ, ಒಳಗೆ ನನಗೂ ಒಂದು ಕುರ್ಚಿ ಹಿಡಿಯಬೇಕು ಎಂದೆ. ಅವರು ಅಳತೆಪಟ್ಟಿ ತೆಗೆದು ಅಳೆಯತೊಡಗಿದರು.

ಇವರು ಗಾಡಿಯ ಮೇಲಿಂದ ಕಣ್ಣು ತೆಗೆಯದೆ, ಆಚಾರ್ರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

“ಇದು ಇನ್ನೂ ಜಾಸ್ತಿ ಆಗುತ್ತಂತೆ ಕಣೇ.”

ಪೆಟ್ಟಿಗೆಯಿಂದ ಇನ್ನೊಂದು ಬೋಗಿ ಎತ್ತಿಕೊಂಡೆ.

“ಆಗ್ಲಿ ಬಿಡಿ. ಇದು ಯಾವ ಗಾಡಿದು, ಹೇಳಿ.”